ಊರು ಎಂಬ ಕಾಲಂ

ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿ ವೆಂಕಟಮ್ಮ ಎಂಬೊಬ್ಬರಿದ್ದಾರೆ ಎಂದಿಟ್ಟುಕೊಳ್ಳೋಣ. ಒಂದು ಲೆಕ್ಕ ಬಿಡಿಸುವುದಕ್ಕಾಗಿ ನಾನೇ ಕಲ್ಪಿಸಿಕೊಂಡ ಹೆಂಗಸು ಅವರು. ಅವರ ಕತೆಯಲ್ಲಿ ವಿಶೇಷವೇನೂ ಇಲ್ಲ, ಅದಕ್ಕೇ ಆರಿಸಿಕೊಂಡೆ. ವಯಸ್ಸು ನಲವತ್ತೈದು. ಗಂಡ ತೀರಿಕೊಂಡ ವರ್ಷವೇ ಅವರಿಗೂ ಎಚ್‌ಐವಿ ಇದೆಯೆಂದು ಗೊತ್ತಾಯಿತು. ಅಂದಿನಿಂದ ಆ ವೈರಸ್ಸನ್ನು ಅಂಕೆಯಲ್ಲಿಡುವ ಎಆರ್‌ಟಿ ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ಟೊಮೆಟೊ ಬಿಡಿಸುವ ಕೂಲಿಗೆ ಹೋಗುತ್ತಾರೆ, ಮಗಳ ಮದುವೆ ಮಾಡಿ ಮುಗಿಸಿದ್ದಾರೆ. ಆರು ತಿಂಗಳಿಂದ ಬಿಳಿ ಸೆರಗು, ನಡುನಡುವೆ ರಕ್ತ. ಮೊದಲು ಮೆಡಿಕಲ್ ಶಾಪಿನ ಮಾತ್ರೆ, ಆಮೇಲೆ ಕ್ಲಿನಿಕ್ಕಿನ ಇಂಜೆಕ್ಷನ್ನು, ಕೊನೆಗೆ ಬೆಂಗಳೂರಿನ ಬಸ್ಸು. ಕಿದ್ವಾಯಿ ಆಸ್ಪತ್ರೆಯಲ್ಲಿ ಅದು ಗರ್ಭಕೊರಳಿನ ಕ್ಯಾನ್ಸರ್ ಎಂದು ತೀರ್ಮಾನವಾಯಿತು.

ಈಗ ಲೆಕ್ಕ. ವೆಂಕಟಮ್ಮ ಯಾವ ಪುಸ್ತಕಕ್ಕೆ ಸೇರಿದರು?

ಕಿದ್ವಾಯಿಯ ಆಸ್ಪತ್ರೆ ನೋಂದಣಿಗೆ ಸೇರಿದರು, ನಿಜ. ಆದರೆ ಆ ಪುಸ್ತಕ ಬಂದವರನ್ನಷ್ಟೇ ಬರೆದುಕೊಳ್ಳುತ್ತದೆ. ಸಂತೆಗೆ ಬಂದವರನ್ನು ಎಣಿಸುವುದು ಬೇರೆ, ಊರನ್ನು ಎಣಿಸುವುದು ಬೇರೆ. ಊರೆಣಿಸುವ ಪುಸ್ತಕವೂ ಕಿದ್ವಾಯಿಯಲ್ಲೇ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1981ರ ಕೊನೆಗೆ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ ಆರಂಭಿಸಿದಾಗ ಮುಂಬಯಿ, ಚೆನ್ನೈ, ಬೆಂಗಳೂರುಗಳನ್ನು ಮೊದಲು ಹಿಡಿಯಿತು. ಬೆಂಗಳೂರಿನ ಸಿಬ್ಬಂದಿ ಆಸ್ಪತ್ರೆಯಿಂದ ಆಸ್ಪತ್ರೆಗೆ, ಲ್ಯಾಬಿನಿಂದ ಲ್ಯಾಬಿಗೆ, ಜನನ ಮರಣ ಕಚೇರಿಗೆ ತಾವೇ ಹೋಗಿ ಹೆಸರು ಬರೆದುಕೊಂಡು ಬರುತ್ತಾರೆ. ಅಚ್ಚುಕಟ್ಟಾದ ಕೆಲಸ. ಆದರೆ ಅದರ ನಿಯಮ ಕಟ್ಟುನಿಟ್ಟು: ನಗರದ ವ್ಯಾಪ್ತಿಯಲ್ಲಿ ಕನಿಷ್ಠ ಒಂದು ವರ್ಷ ನೆಲೆಸಿದವರು ಮಾತ್ರ ಲೆಕ್ಕಕ್ಕೆ. ವೆಂಕಟಮ್ಮ ಚಿಂತಾಮಣಿಯವರು. ಹಾಗಾಗಿ ಅವರು ಹೊರಗೆ.

ನಿಯಮದ ತಪ್ಪಲ್ಲ ಅದು. ಕ್ಯಾನ್ಸರ್ ಬಂದವರ ಸಂಖ್ಯೆಯನ್ನು ಆ ಊರಿನ ಜನಸಂಖ್ಯೆಯಿಂದ ಭಾಗಿಸಿದರೆ ತಾನೆ ಕಾಯಿಲೆಯ ಪ್ರಮಾಣ ಸಿಗುವುದು? ಹೊರಗಿನವರನ್ನೆಲ್ಲ ಸೇರಿಸಿಕೊಂಡರೆ ಬೆಂಗಳೂರಿನ ಲೆಕ್ಕವೇ ಕೆಡುತ್ತದೆ. ತೊಂದರೆ ಇರುವುದು ಚಿಂತಾಮಣಿಗೆ ತನ್ನದೇ ಪುಸ್ತಕ ಇಲ್ಲದಿರುವುದರಲ್ಲಿ. ರಾಷ್ಟ್ರೀಯ ಕಾರ್ಯಕ್ರಮದ 2020ರ ವರದಿಯಲ್ಲಿ ಊರೆಣಿಸುವ ನೋಂದಣಿಗಳು 28 ಇದ್ದವು. ಎಲ್ಲ ಸೇರಿ ದೇಶದ ಜನರಲ್ಲಿ ಹತ್ತಕ್ಕೆ ಒಬ್ಬರು ಮಾತ್ರ ಅವುಗಳ ವ್ಯಾಪ್ತಿಗೆ ಬರುತ್ತಿದ್ದರು. ಅವುಗಳಲ್ಲಿ ಕರ್ನಾಟಕದ್ದು ಬೆಂಗಳೂರು ಒಂದೇ ಇತ್ತು. ಇಡೀ ದೇಶದ ಈ ಲೆಕ್ಕಗಳನ್ನು ಒಟ್ಟುಗೂಡಿಸುವ ರಾಷ್ಟ್ರೀಯ ಕೇಂದ್ರ ಇರುವುದಾದರೂ ಎಲ್ಲಿ? ದೇವನಹಳ್ಳಿಯ ಹತ್ತಿರ, ಪೂಜನಹಳ್ಳಿಯಲ್ಲಿ. ವೆಂಕಟಮ್ಮ ಶಿಡ್ಲಘಟ್ಟ, ವಿಜಯಪುರ ದಾಟಿ ದೇವನಹಳ್ಳಿ ಮಾರ್ಗವಾಗಿ ಬೆಂಗಳೂರಿಗೆ ಬಂದಿದ್ದರೆ ಆ ಕಟ್ಟಡದಿಂದ ಕೆಲವೇ ಮೈಲಿ ಆಚೆ ಅವರ ಬಸ್ಸು ಹಾದುಹೋಗಿರುತ್ತದೆ.

ಅವರ ಇನ್ನೊಂದು ಪುಸ್ತಕ ಎಆರ್‌ಟಿ ಕೇಂದ್ರದ್ದು. ಕೈಯಲ್ಲೊಂದು ಹಸಿರು ಪುಸ್ತಕ, ಕೇಂದ್ರದಲ್ಲೊಂದು ಬಿಳಿ ಕಾರ್ಡು. ತೂಕ, ಮೈ ಕಾಯುವ ಸಿಡಿ4 ಕೋಶಗಳ ಎಣಿಕೆ, ಮಾತ್ರೆ ಒಯ್ದ ದಿನ, ಉಳಿದ ಮಾತ್ರೆಗಳ ಸಂಖ್ಯೆ ಎಲ್ಲವೂ ಅಲ್ಲುಂಟು. ಇಷ್ಟು ವರ್ಷ ಇಷ್ಟು ಶಿಸ್ತಿನಿಂದ ಬರೆದ ದಾಖಲೆ ನಮ್ಮ ತಾಲ್ಲೂಕುಗಳಲ್ಲಿ ಇನ್ಯಾವ ಕಾಯಿಲೆಗೂ ಸಿಗುವುದು ಕಷ್ಟ. ಆದರೆ ಕ್ಯಾನ್ಸರಿನ ಪುಸ್ತಕಕ್ಕೆ ಎಚ್‌ಐವಿ ಗೊತ್ತಿಲ್ಲ, ಎಚ್‌ಐವಿಯ ಪುಸ್ತಕಕ್ಕೆ ಕ್ಯಾನ್ಸರ್ ಗೊತ್ತಿಲ್ಲ. ಬಡ ಪ್ರದೇಶಗಳಲ್ಲಿ ಎಚ್‌ಐವಿ ಇರುವವರ ಕ್ಯಾನ್ಸರ್ ಸಂಶೋಧನೆಗೆ ಸಾಮರ್ಥ್ಯ ಬೆಳೆಸಬೇಕು ಎಂದು ಜಗತ್ತಿನ ಸಭೆಗಳಲ್ಲಿ ಮಾತು ನಡೆಯುತ್ತಲೇ ಇರುತ್ತದೆ. ಆ ದೊಡ್ಡ ಮಾತನ್ನು ಚಿಂತಾಮಣಿಯ ಮಟ್ಟಕ್ಕೆ ಇಳಿಸಿದರೆ ಉಳಿಯುವುದು ಇಷ್ಟೇ: ಈ ಎರಡು ಪುಸ್ತಕಗಳು ಪರಸ್ಪರ ಭೇಟಿಯಾಗಬೇಕು.

*

ಎರಡು ಕಾಯಿಲೆಗಳಿಗೆ ಏನು ನಂಟು ಎಂದು ಕೇಳಬಹುದು. ನಂಟು ಮೊದಲಿನಿಂದಲೂ ಇದೆ. 1981ರ ಜುಲೈನಲ್ಲಿ ಅಮೆರಿಕದ ಆರೋಗ್ಯ ಇಲಾಖೆಯ ವಾರಪತ್ರಿಕೆಯು ಯುವಕರ ಚರ್ಮದ ಮೇಲೆ ಕಪೋಸಿ ಸಾರ್ಕೋಮಾ ಎಂಬ ಅಪರೂಪದ ಕ್ಯಾನ್ಸರಿನ ಕಲೆಗಳು ಕಾಣುತ್ತಿವೆ ಎಂದು ಬರೆಯಿತು. ಏಡ್ಸ್ ಎಂಬ ಹೆಸರು ಹುಟ್ಟಿದ್ದೇ ಅದಾದ ಮೇಲೆ. ಅಂದರೆ ಜಗತ್ತು ಈ ಕಾಯಿಲೆಯನ್ನು ಮೊದಲು ಗುರುತಿಸಿದ ಚಿಹ್ನೆಗಳಲ್ಲಿ ಕ್ಯಾನ್ಸರೂ ಒಂದು. 1993ರಲ್ಲಿ ಗರ್ಭಕೊರಳಿನ ಕ್ಯಾನ್ಸರೂ ಏಡ್ಸ್ ಸೂಚಕ ಕಾಯಿಲೆಗಳ ಪಟ್ಟಿಗೆ ಸೇರಿತು. 2008ರ ವೈದ್ಯಕೀಯ ನೊಬೆಲ್ ಅನ್ನು ಮೂವರು ಹಂಚಿಕೊಂಡರು. ಫ್ರಾಂಸ್ವಾಸ್ ಬಾರೆ-ಸಿನೂಸಿ ಮತ್ತು ಲುಕ್ ಮಾಂತಾನಿಯೆ ಎಚ್‌ಐವಿ ಕಂಡುಹಿಡಿದವರು, ಹರಾಲ್ಡ್ ತ್ಸುರ್ ಹಾಸೆನ್ ಗರ್ಭಕೊರಳಿನ ಕ್ಯಾನ್ಸರಿಗೆ ಎಚ್‌ಪಿವಿ ವೈರಸ್ ಕಾರಣ ಎಂದು ತೋರಿಸಿದವರು. ಸ್ಟಾಕ್‌ಹೋಮಿನ ವೇದಿಕೆಯಲ್ಲಿ ಒಟ್ಟಿಗೆ ನಿಂತ ಆ ಎರಡು ವೈರಸ್‌ಗಳೇ ವೆಂಕಟಮ್ಮನ ಮೈಯಲ್ಲೂ ಒಟ್ಟಿಗೆ ಇದ್ದವು.

ಎಚ್‌ಐವಿ ತಾನಾಗಿ ಈ ಕ್ಯಾನ್ಸರನ್ನು ಹುಟ್ಟಿಸುವುದಿಲ್ಲ. ಅದು ಮೈಯ ಕಾವಲುಗಾರರನ್ನು ಕೊಲ್ಲುತ್ತದೆ, ಕಳ್ಳ ಬೇರೆಯವನು. ಎಚ್‌ಪಿವಿ ಬಹುಪಾಲು ಹೆಂಗಸರಿಗೆ ಒಂದಲ್ಲ ಒಂದು ಸಲ ತಗಲುವ ವೈರಸ್. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ಮೈಯೇ ಅದನ್ನು ತೊಳೆದು ಹಾಕುತ್ತದೆ. ಉಳಿದುಕೊಂಡರೆ ಅದರ ಇ6 ಮತ್ತು ಇ7 ಎಂಬ ಎರಡು ಪ್ರೋಟೀನುಗಳು ಗರ್ಭಕೊರಳಿನ ಜೀವಕೋಶದೊಳಗೆ ಕೂತು, ಕೋಶ ಅಂಕೆಮೀರಿ ಒಡೆಯದಂತೆ ತಡೆಯುವ ಎರಡು ಬ್ರೇಕುಗಳನ್ನು ಕಿತ್ತುಹಾಕುತ್ತವೆ. ಒಂದು ಬ್ರೇಕಿನ ಹೆಸರು ಪಿ53, ಇನ್ನೊಂದು ಆರ್‌ಬಿ. ಆರೋಗ್ಯವಂತ ಹೆಂಗಸಿನಲ್ಲಿ ಇಲ್ಲಿಂದ ಕ್ಯಾನ್ಸರಿನವರೆಗೆ ಹದಿನೈದು ಇಪ್ಪತ್ತು ವರ್ಷದ ದಾರಿ. ಎಚ್‌ಐವಿಗೆ ಚಿಕಿತ್ಸೆ ಪಡೆಯದವರಲ್ಲಿ ಅದು ಐದರಿಂದ ಹತ್ತು ವರ್ಷಕ್ಕೆ ಕುಗ್ಗುತ್ತದೆ. 2021ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಲೆಕ್ಕದಂತೆ ಎಚ್‌ಐವಿ ಇರುವ ಹೆಂಗಸಿಗೆ ಗರ್ಭಕೊರಳಿನ ಕ್ಯಾನ್ಸರ್ ಬರುವ ಸಾಧ್ಯತೆ ಉಳಿದವರಿಗಿಂತ ಆರು ಪಟ್ಟು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಉಳಿದವರಿಗೆ ಮೂವತ್ತಕ್ಕೆ ತಪಾಸಣೆ ಶುರುಮಾಡಿ ಎಂದರೆ, ಎಚ್‌ಐವಿ ಇರುವವರಿಗೆ ಇಪ್ಪತ್ತೈದಕ್ಕೇ ಶುರುಮಾಡಿ ಎನ್ನುತ್ತದೆ.

ಆದರೆ ಆ ‘ಆರು ಪಟ್ಟು’ ಬಂದದ್ದು ಹೆಚ್ಚಾಗಿ ಬೇರೆ ದೇಶಗಳ ಪುಸ್ತಕಗಳಿಂದ. ಇಲ್ಲಿಗೂ ಅದು ಹಾಗೆಯೇ ಹೊಂದುತ್ತದೆಯೆ? ಆಫ್ರಿಕದ ಎಚ್‌ಐವಿ ಆಸ್ಪತ್ರೆಗಳನ್ನು ತುಂಬಿದ ಕಪೋಸಿ ಸಾರ್ಕೋಮಾ ನಮ್ಮಲ್ಲಿ ಅಪರೂಪ. ಪುಣೆಯ ರಾಷ್ಟ್ರೀಯ ಏಡ್ಸ್ ಸಂಶೋಧನಾ ಸಂಸ್ಥೆಯವರು ತಮ್ಮ ಕ್ಲಿನಿಕ್ಕುಗಳ ಪಟ್ಟಿಯನ್ನು ಆ ನಗರದ ಕ್ಯಾನ್ಸರ್ ನೋಂದಣಿಯ ಜೊತೆ ಹೊಂದಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡು ಪುಸ್ತಕ ಭೇಟಿಯಾಗುವುದು ಭಾರತದಲ್ಲೂ ಸಾಧ್ಯ ಎಂದು ಅದು ತೋರಿಸಿತು. ನಮ್ಮ ಸೀಮೆಗೆ ಇನ್ನೊಂದು ವಿಚಿತ್ರವಿದೆ. ಕೋಲಾರ ಸೀಮೆಯ ಹೆಂಗಸರು ಎಲೆ ಅಡಿಕೆಯ ಜೊತೆ ಕಡ್ಡಿಪುಡಿ ಎಂಬ ತಂಬಾಕು ಹಾಕಿ, ಕೆಲವರು ರಾತ್ರಿ ಮಲಗುವಾಗಲೂ ದವಡೆಯಲ್ಲಿಟ್ಟುಕೊಂಡು ಮಲಗುತ್ತಾರೆ. ಅದೇ ಜಾಗದಲ್ಲಿ ಕೆನ್ನೆಯೊಳಗೆ ಕ್ಯಾನ್ಸರ್ ಹುಟ್ಟುತ್ತದೆ. ಕೋಲಾರದ ಟಮಕದಲ್ಲಿರುವ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಸರ್ಜನ್ನುಗಳಿಗೆ ಇದು ನಿತ್ಯದ ಕೆಲಸ. ಇದರ ಪಕ್ಕದಲ್ಲಿ ಎಚ್‌ಐವಿಯನ್ನು ಇಟ್ಟು ನೋಡಿ. ಭಾರತದಲ್ಲಿ ಉಚಿತ ಎಆರ್‌ಟಿ ಶುರುವಾದದ್ದು 2004ರ ಏಪ್ರಿಲ್ 1ರಂದು. ಅಂದು ಮೂವತ್ತರ ಹರೆಯದಲ್ಲಿ ಮಾತ್ರೆ ಹಿಡಿದವರು ಇಂದು ಐವತ್ತು ದಾಟಿದ್ದಾರೆ. ಬದುಕಿದ್ದಾರೆ ಎಂಬುದೇ ದೊಡ್ಡ ಗೆಲುವು. ಬದುಕಿದವರಿಗೆ ವಯಸ್ಸಾಗುತ್ತದೆ, ವಯಸ್ಸಿನ ಜೊತೆ ಕ್ಯಾನ್ಸರ್ ಬರುತ್ತದೆ. ಮೂವತ್ತು ವರ್ಷ ಕಡ್ಡಿಪುಡಿ ಅಗಿದ, ಇಪ್ಪತ್ತು ವರ್ಷ ಎಚ್‌ಐವಿಯೊಂದಿಗೆ ಬದುಕಿದ ಹೆಂಗಸಿನ ಕೆನ್ನೆಯಲ್ಲಿ ಏನಾಗುತ್ತದೆ? ಈ ಪ್ರಶ್ನೆಗೆ ಅಮೆರಿಕದಲ್ಲಿ ಉತ್ತರ ಹುಡುಕಲಾಗದು, ಅಲ್ಲಿ ಕಡ್ಡಿಪುಡಿ ಇಲ್ಲ. ಕೇಳಬೇಕಾದವರು ಇಲ್ಲಿಯವರೇ.

ಲಸಿಕೆಯ ವಿಷಯವೂ ಹೀಗೆಯೇ. ಎಚ್‌ಪಿವಿ ಲಸಿಕೆಯ ಎರಡು ಡೋಸ್ ಸಾಕೇ, ಮೂರು ಬೇಕೇ ಎಂದು ತಿಳಿಯಲು 2009ರಲ್ಲಿ ಭಾರತದ ಹಲವು ಕಡೆ ಒಂದು ಅಧ್ಯಯನ ಶುರುವಾಯಿತು. 2010ರಲ್ಲಿ ಬೇರೊಂದು ಲಸಿಕೆ ಯೋಜನೆಯ ಮೇಲೆದ್ದ ವಿವಾದದಿಂದ ಸರ್ಕಾರ ಎಲ್ಲವನ್ನೂ ತಡೆಹಿಡಿಯಿತು. ಸಾವಿರಾರು ಹುಡುಗಿಯರಿಗೆ ಒಂದೇ ಡೋಸ್ ಬಿದ್ದು ನಿಂತುಹೋಯಿತು. ಸಂಶೋಧಕರು ಅವರನ್ನು ಕೈಬಿಡದೆ ವರ್ಷಗಟ್ಟಲೆ ಹಿಂಬಾಲಿಸಿದಾಗ ಒಂದು ಡೋಸೂ ಚೆನ್ನಾಗಿ ಕಾಯುತ್ತದೆ ಎಂದು ಗೊತ್ತಾಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದೇ ಡೋಸಿಗೂ ಒಪ್ಪಿಗೆ ಕೊಡಲು ಆಧಾರವಾದ ಪುರಾವೆಗಳಲ್ಲಿ ಇದೂ ಒಂದು. ನಿಂತುಹೋದ ಪ್ರಯೋಗದಿಂದ ಜಗತ್ತಿಗೇ ಉಪಯೋಗವಾದದ್ದು ನಮ್ಮವರ ಹೆಮ್ಮೆ. ಆದರೆ ಆ ಒಪ್ಪಿಗೆ ಎಚ್‌ಐವಿ ಇರುವವರಿಗೆ ಅನ್ವಯಿಸುವುದಿಲ್ಲ. ಅವರಿಗೆ ಕನಿಷ್ಠ ಎರಡು, ಸಾಧ್ಯವಾದರೆ ಮೂರು ಡೋಸ್ ಕೊಡಿ ಎಂದು ಸಂಸ್ಥೆ ಹೇಳುತ್ತದೆ. ಆರೋಗ್ಯವಂತರ ಮೇಲೆ ಕಂಡುಕೊಂಡದ್ದು ಎಚ್‌ಐವಿ ಇರುವವರಿಗೆ ಹಾಗೆಯೇ ದಾಟಿ ಬರುವುದಿಲ್ಲ. ಅವರ ಮೇಲೆ ಬೇರೆಯಾಗಿಯೇ ಸಂಶೋಧನೆ ಬೇಕು ಎನ್ನುವುದಕ್ಕೆ ಇದಕ್ಕಿಂತ ಸರಳ ಉದಾಹರಣೆ ನನಗೆ ಸಿಕ್ಕಿಲ್ಲ.

*

ಹಳ್ಳಿಯಲ್ಲಿ ಇದನ್ನೆಲ್ಲ ಮಾಡಲಾದೀತೆ ಎಂಬ ಅನುಮಾನಕ್ಕೆ ಉತ್ತರ ನಮ್ಮ ಗಡಿಯಾಚೆ, ಸೊಲ್ಲಾಪುರ ಜಿಲ್ಲೆಯಲ್ಲಿದೆ. ಕನ್ನಡಿಗರು ಬಹಳ ಇರುವ ಜಿಲ್ಲೆ ಅದು. ಅಲ್ಲಿನ ಬಾರ್ಶಿ ಪಟ್ಟಣದ ಕ್ಯಾನ್ಸರ್ ಆಸ್ಪತ್ರೆ ಮತ್ತು ಮುಂಬಯಿಯ ಟಾಟಾ ಸ್ಮಾರಕ ಕೇಂದ್ರ ಸೇರಿ 1987ರಲ್ಲಿ ಭಾರತದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ತೆರೆದವು. ವ್ಯಾಪ್ತಿ ಬಾರ್ಶಿ, ಪರಾಂಡಾ, ಭೂಮ್ ತಾಲ್ಲೂಕುಗಳ 346 ಹಳ್ಳಿ.

ಬೆಂಗಳೂರಿನ ಪದ್ಧತಿ ಅಲ್ಲಿ ನಡೆಯುವಂತಿರಲಿಲ್ಲ. ನಗರದಲ್ಲಿ ಲ್ಯಾಬುಗಳಿಂದ ಹೆಸರು ತರಬಹುದು. ಹಳ್ಳಿಯಲ್ಲಿ ಲ್ಯಾಬೇ ಇಲ್ಲ, ಎಷ್ಟೋ ರೋಗಿಗಳು ಯಾವ ಡಾಕ್ಟರನ್ನೂ ನೋಡದೆ ಸಾಯುತ್ತಾರೆ. ಹಾಗಾಗಿ ಬಾರ್ಶಿಯವರು ಕ್ರಮವನ್ನೇ ತಿರುಗಿಸಿದರು. ಕ್ಷೇತ್ರ ಸಿಬ್ಬಂದಿ ಹಳ್ಳಿ ಹಳ್ಳಿಗೆ ಮತ್ತೆ ಮತ್ತೆ ಹೋದರು. ಪಟೇಲರು, ಶಿಕ್ಷಕರು, ಸೂಲಗಿತ್ತಿಯರ ಪರಿಚಯ ಮಾಡಿಕೊಂಡರು. ಕಟ್ಟೆಯ ಮೇಲೆ ಕೂತು ಕ್ಯಾನ್ಸರಿನ ಚಿಹ್ನೆ ಏನೇನು ಎಂದು ವಿವರಿಸಿದರು. ಅನುಮಾನ ಬಂದವರನ್ನು ಆಸ್ಪತ್ರೆಗೆ ಕರೆತಂದರು. ಸತ್ತವರ ಮನೆಗೆ ಹೋಗಿ ಏನಾಗಿತ್ತು ಎಂದು ಕೇಳಿ ಬರೆದುಕೊಂಡರು. ಎಣಿಸುವುದೂ ಚಿಕಿತ್ಸೆಗೆ ಕರೆತರುವುದೂ ಒಂದೇ ಕೆಲಸವಾಯಿತು. ನನ್ನ ಅಭಿಪ್ರಾಯದಲ್ಲಿ ಭಾರತದ ಕ್ಯಾನ್ಸರ್ ವಿಜ್ಞಾನದಲ್ಲಿ ಇಷ್ಟು ಬುದ್ಧಿವಂತಿಕೆಯ, ಇಷ್ಟು ಕಡಿಮೆ ಸದ್ದಿನ ಕೆಲಸ ಇನ್ನೊಂದಿಲ್ಲ.

ಆ ಪುಸ್ತಕ ಮುಂದೇನು ಕೊಟ್ಟಿತು ನೋಡಿ. ಅಲ್ಲಿನ ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರೇ ಮೊದಲ ಸ್ಥಾನದಲ್ಲಿತ್ತು. 1999ರಲ್ಲಿ ಪಕ್ಕದ ಉಸ್ಮಾನಾಬಾದ್ ಜಿಲ್ಲೆಯಲ್ಲಿ ಅದೇ ತಂಡ 1,31,746 ಹೆಂಗಸರನ್ನು ಸೇರಿಸಿಕೊಂಡು ತಪಾಸಣಾ ಪ್ರಯೋಗ ಆರಂಭಿಸಿತು. ಒಂದು ಗುಂಪಿಗೆ ಎಚ್‌ಪಿವಿ ಪರೀಕ್ಷೆ, ಒಂದಕ್ಕೆ ಪ್ಯಾಪ್ ಪರೀಕ್ಷೆ, ಒಂದಕ್ಕೆ ವಿನೆಗರ್ ಹಚ್ಚಿ ಬಿಳಿ ಮಚ್ಚೆ ನೋಡುವ ಪರೀಕ್ಷೆ, ನಾಲ್ಕನೆಯದಕ್ಕೆ ಅರಿವಿನ ಮಾತು ಮಾತ್ರ. 2009ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಎಂಟು ವರ್ಷದಲ್ಲಿ ತಪಾಸಣೆಯಿಲ್ಲದ ಗುಂಪಿನಲ್ಲಿ ಗರ್ಭಕೊರಳಿನ ಕ್ಯಾನ್ಸರಿನಿಂದ ಸತ್ತವರು 64. ಜೀವಮಾನದಲ್ಲಿ ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆಯಾದ ಗುಂಪಿನಲ್ಲಿ 34. ಜಗತ್ತಿನ ತಪಾಸಣಾ ನೀತಿಯನ್ನೇ ಬದಲಿಸಿದ ಪ್ರಯೋಗ ಇದು. ಅದರ ಬೇರು ಇದ್ದದ್ದು ಹನ್ನೆರಡು ವರ್ಷ ಹಳ್ಳಿ ತಿರುಗಿ ಬರೆದ ಪುಸ್ತಕದಲ್ಲಿ. ಮೊದಲು ಎಣಿಕೆ, ಆಮೇಲೆ ಪ್ರಯೋಗ.

ತಪಾಸಣೆಯಿಲ್ಲದ ನಾಲ್ಕನೆಯ ಗುಂಪಿನ ಬಗ್ಗೆ ಆಮೇಲೆ ಟೀಕೆ ಬಂತು, ಬರಬೇಕಾದದ್ದೇ. ಸುತ್ತಲ ಹಳ್ಳಿಗಳಲ್ಲಿ ಹೇಗೂ ತಪಾಸಣೆ ಇರಲಿಲ್ಲ ಎಂಬ ಸಮರ್ಥನೆಯಲ್ಲಿ ಹುರುಳಿಲ್ಲದಿಲ್ಲ, ಆದರೆ ಬಡವರ ಬಡತನವನ್ನೇ ಪ್ರಯೋಗದ ಸಾಮಗ್ರಿ ಮಾಡಿದಂತಾಗುತ್ತದೆ. ಚಿಂತಾಮಣಿಯ ಎಚ್‌ಐವಿ ಹೆಂಗಸರ ಮಟ್ಟಿಗೆ ಅಂಥ ಗುಂಪು ಇರಲೇಬಾರದು. ತಪಾಸಣೆ ಬೇಕೋ ಬೇಡವೋ ಎಂಬ ಪ್ರಶ್ನೆ ಮುಗಿದಿದೆ. ಮಾತ್ರೆ ಒಯ್ಯಲು ಬಂದ ದಿನವೇ ಮಾಡಬಹುದೇ, ನರ್ಸ್ ಮಾಡಿದರೆ ಸಾಕೇ, ಮಾದರಿಯನ್ನು ಹೆಂಗಸರೇ ತೆಗೆದುಕೊಟ್ಟರೆ ನಡೆಯುತ್ತದೆಯೇ ಎಂಬವು ಮಾತ್ರ ಉಳಿದ ಪ್ರಶ್ನೆಗಳು. ಜಾಂಬಿಯಾ ದೇಶದಲ್ಲಿ 2006ರಿಂದ ಎಚ್‌ಐವಿ ಕ್ಲಿನಿಕ್ಕುಗಳ ಪಕ್ಕದಲ್ಲೇ ನರ್ಸುಗಳು ಗರ್ಭಕೊರಳಿಗೆ ವಿನೆಗರ್ ಹಚ್ಚಿ, ಫೋಟೊ ತೆಗೆದು, ಅನುಮಾನವಿದ್ದರೆ ದೂರದ ತಜ್ಞರಿಗೆ ತೋರಿಸುವ ಪದ್ಧತಿ ಬೆಳೆದಿದೆ.

ಎಣಿಕೆ ನಮ್ಮ ನೆಲಕ್ಕೂ ಹೊಸದಲ್ಲ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು 1960ರ ದಶಕದಲ್ಲಿ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳ ಜನರನ್ನು ಐದು ವರ್ಷ ಮತ್ತೆ ಮತ್ತೆ ಪರೀಕ್ಷಿಸಿ ಕ್ಷಯ ಹೇಗೆ ಹಬ್ಬುತ್ತದೆ ಎಂದು ಜಗತ್ತಿಗೆ ತೋರಿಸಿದರು. ಅದಕ್ಕೂ ಮೊದಲು ತುಮಕೂರು ಜಿಲ್ಲೆಯಲ್ಲಿ ಅದೇ ಸಂಸ್ಥೆ ಮಾಡಿದ ಸಮೀಕ್ಷೆಯಲ್ಲಿ ಕ್ಷಯ ಇದ್ದ ಹಳ್ಳಿಗರಲ್ಲಿ ಅರ್ಧಕ್ಕೂ ಹೆಚ್ಚು ಜನ ಆಗಲೇ ಡಾಕ್ಟರ ಬಾಗಿಲು ತಟ್ಟಿದ್ದರು. ಕೆಮ್ಮಿನ ಔಷಧದ ಬಾಟ್ಲಿ ಹಿಡಿದು ವಾಪಸಾಗಿದ್ದರು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ ಎಂದು ಗೊಣಗುವವರ ಮುಂದೆ ನಾನು ಯಾವಾಗಲೂ ಈ ಸಂಗತಿ ಇಡುತ್ತೇನೆ. ವೆಂಕಟಮ್ಮನೂ ಆರು ತಿಂಗಳು ಸುಮ್ಮನೆ ಕೂತಿರಲಿಲ್ಲ. 1980ರ ದಶಕದ ಕೊನೆಗೆ ಕಿದ್ವಾಯಿಯವರು ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ತಂಬಾಕು ಬಿಡಿಸುವ ಪ್ರಚಾರ ನಡೆಸಿ, ಎಷ್ಟು ಜನ ಬಿಟ್ಟರು ಎಂದು ವರ್ಷಗಳ ಕಾಲ ಅಳೆದರು. ಚಿಂತಾಮಣಿ ಆಗ ಕೋಲಾರ ಜಿಲ್ಲೆಗೇ ಸೇರಿತ್ತು, ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಮನೆ ಮನೆಗೆ ಹೋಗಿ ಎಣಿಸುವ ವಿದ್ಯೆ ಈ ಭಾಗಕ್ಕೆ ಬಂದಿತ್ತು. ಯೋಜನೆ ಮುಗಿಯಿತು, ಬಂದವರು ಹೋದರು.

*

ಎಚ್‌ಐವಿಯ ಪುಸ್ತಕವನ್ನು ಸಂಶೋಧನೆಯ ಪುಸ್ತಕವಾಗಿ ಮಾಡಿದ ಹಳ್ಳಿ ಆಸ್ಪತ್ರೆಯೂ ನೆರೆಯಲ್ಲೇ ಇದೆ. ಬಾಗೇಪಲ್ಲಿ ದಾಟಿ ಆಂಧ್ರದೊಳಗೆ ಅನಂತಪುರದ ಕಡೆ ಹೋದರೆ ಬತ್ತಲಪಲ್ಲಿ ಸಿಗುತ್ತದೆ. ಸ್ಪೇನಿನಿಂದ ಬಂದು ಈ ಬರಡು ಸೀಮೆಯಲ್ಲಿ ನೆಲೆಸಿದ ವಿಸೆಂಟೆ ಫೆರರ್ 1969ರಲ್ಲಿ ಕಟ್ಟಿದ ಗ್ರಾಮೀಣ ಅಭಿವೃದ್ಧಿ ಟ್ರಸ್ಟಿನ ಆಸ್ಪತ್ರೆ ಅಲ್ಲಿದೆ. ಅಲ್ಲಿಗೆ ಬಂದ ಎಚ್‌ಐವಿ ರೋಗಿಗಳೆಲ್ಲರ ದಾಖಲೆಯನ್ನು ಒಂದೇ ಕಂಪ್ಯೂಟರ್ ಕಡತದಲ್ಲಿ ವರ್ಷಗಟ್ಟಲೆ ಕಾಪಾಡಿ, ಯಾರು ಮಾತ್ರೆ ಶುರುಮಾಡುವ ಮೊದಲೇ ಕಾಣೆಯಾಗುತ್ತಾರೆ, ಯಾರಿಗೆ ಕ್ಷಯ ಬರುತ್ತದೆ, ಯಾರು ಬೇಗ ಸಾಯುತ್ತಾರೆ ಎಂದು ಒಂದಾದ ಮೇಲೊಂದು ಪ್ರಬಂಧ ಬರೆದರು. ದೊಡ್ಡ ವಿಶ್ವವಿದ್ಯಾಲಯವಲ್ಲ, ಕಡಲೆಕಾಯಿ ಬೆಳೆಯುವ ಊರಿನ ಆಸ್ಪತ್ರೆ. ಅವರ ಲೆಕ್ಕಗಳಲ್ಲಿ ಕ್ಷಯಕ್ಕೆ ಇರುವಷ್ಟು ಜಾಗ ಕ್ಯಾನ್ಸರಿಗೆ ಇಲ್ಲ. ಬಾರ್ಶಿಯಲ್ಲಿ ಒಂದು ಅರ್ಧ, ಬತ್ತಲಪಲ್ಲಿಯಲ್ಲಿ ಇನ್ನೊಂದರ್ಧ.

ಎರಡನ್ನೂ ಚಿಂತಾಮಣಿಗೆ ತಂದರೆ ಒಂದು ಅಂಕಗಣಿತ ಎದುರಾಗುತ್ತದೆ. ಭಾರತದಲ್ಲಿ ಲಕ್ಷ ಹೆಂಗಸರಿಗೆ ವರ್ಷಕ್ಕೆ ಸುಮಾರು 18 ಜನರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಕಾಣಿಸುತ್ತದೆ. ಆರು ಪಟ್ಟು ಎಂದರೆ ಲಕ್ಷಕ್ಕೆ ನೂರೆಂಟು. ಎಚ್‌ಐವಿ ಇರುವ ಸಾವಿರ ಹೆಂಗಸರನ್ನು ವರ್ಷವಿಡೀ ಗಮನಿಸಿದರೆ ಹೆಚ್ಚುಕಡಿಮೆ ಒಬ್ಬರು. ಒಬ್ಬರಿಂದ ಯಾವ ತೀರ್ಮಾನವೂ ಆಗದು. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಚಿಕ್ಕಬಳ್ಳಾಪುರ ಸೇರಬೇಕು, ಕೋಲಾರ ಸೇರಬೇಕು, ಗಡಿಯಾಚೆಯ ಅನಂತಪುರವೂ ಸೇರಬೇಕು, ಮೇಲಾಗಿ ಹತ್ತು ವರ್ಷ ಕಾಯಬೇಕು. ಎರಡು ವರ್ಷದ ಯೋಜನೆಗೆ ಹಣ ಕೊಟ್ಟು ಮೂರನೆಯ ವರ್ಷ ವರದಿ ಕೇಳುವವರಿಂದ ಈ ಕೆಲಸ ಸಾಗದು.

ಪುಸ್ತಕಗಳನ್ನು ಹೊಂದಿಸುವುದು ಹೇಗೆ? ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ವಿದ್ಯೆ ಬರುತ್ತದೆ. ಎಆರ್‌ಟಿ ಕೇಂದ್ರದಲ್ಲಿ ‘ವೆಂಕಟಮ್ಮ, ಗಂಡ ನಾರಾಯಣಪ್ಪ, 45’. ಬೆಂಗಳೂರಿನ ಆಸ್ಪತ್ರೆಯಲ್ಲಿ ‘ಯಂಕಟಮ್ಮ, ಗಂಡ ನಾರಣಪ್ಪ, 50’. ಇಬ್ಬರೂ ಒಬ್ಬರೇ ಏನು? ಕಂಪ್ಯೂಟರಿಗೆ ಅಕ್ಷರ ಬೇರೆಯಾದರೆ ಆಳೂ ಬೇರೆ. ಅಮೆರಿಕದ ರಾಬರ್ಟ್ ರಸೆಲ್ 1918ರಲ್ಲಿ ಸೌಂಡೆಕ್ಸ್ ಎಂಬ ಉಪಾಯಕ್ಕೆ ಪೇಟೆಂಟ್ ಪಡೆದ. ಹೆಸರಿನ ಮೊದಲಕ್ಷರ ಇಟ್ಟುಕೊಂಡು, ಉಳಿದ ವ್ಯಂಜನಗಳನ್ನು ಉಚ್ಚಾರದ ಗುಂಪಿಗೆ ತಕ್ಕ ಅಂಕಿಯಾಗಿಸಿ, ಸ್ವರಗಳನ್ನು ಬಿಟ್ಟುಬಿಡುವುದು. ಇಂಗ್ಲಿಷಿನಲ್ಲಿ ಬರೆದ ನಾರಾಯಣಪ್ಪ, ನಾರಣಪ್ಪ ಎರಡೂ ಎನ್-651 ಆಗುತ್ತವೆ. ಸರಿಯಾಯಿತು! ಆದರೆ ವೆಂಕಟಮ್ಮ ವಿ-523, ಯಂಕಟಮ್ಮ ವೈ-523. ಮೊದಲಕ್ಷರದಲ್ಲೇ ಎಡವಿತು. ಬಾಯಿಮಾತಿನಲ್ಲಿ ‘ವೆ’ ಜಾಗಕ್ಕೆ ‘ಯ’ ಬರುವುದು ನಮ್ಮ ಹಳ್ಳಿಯ ಯಾವ ಅಂಗನವಾಡಿ ಕಾರ್ಯಕರ್ತೆಗೂ ಗೊತ್ತು, ಆ ಅಮೆರಿಕನ್ನನಿಗೆ ಹೇಗೆ ಗೊತ್ತಾಗಬೇಕು. ತೆಲುಗು ಮಾತಾಡಿ ಕನ್ನಡದಲ್ಲಿ ಬರೆದು ಇಂಗ್ಲಿಷಿನಲ್ಲಿ ಟೈಪ್ ಮಾಡುವ ಈ ಸೀಮೆಯ ಹೆಸರುಗಳಿಗೆ ಇಲ್ಲಿಯವರೇ ನಿಯಮ ಬರೆಯಬೇಕು. ಸಂಶೋಧನಾ ಸಾಮರ್ಥ್ಯ ಎಂದರೆ ಇದೂ ಹೌದು.

ಪೂರ್ತಿ ಹೊಂದದ ದಾಖಲೆಗಳನ್ನು ತೂಗಿ ನೋಡುವ ಗಣಿತವನ್ನು ಕೆನಡಾದ ಫೆಲೆಗಿ ಮತ್ತು ಸಂಟರ್ 1969ರಲ್ಲಿ ಕೊಟ್ಟರು. ಅದರ ತಿರುಳು ನಮ್ಮ ಮದುವೆ ದಲ್ಲಾಳಿಗಳಿಗೆ ತಿಳಿದದ್ದೇ. ಮಂಜುನಾಥ ಎಂಬ ಹೆಸರು ಎರಡೂ ಕಡೆ ಇದ್ದರೆ ಏನೂ ಸಾಬೀತಾಗದು, ಊರಿಗೆ ಹತ್ತು ಮಂಜುನಾಥರಿದ್ದಾರೆ. ಅಪರೂಪದ ಹೆಸರು ಎರಡೂ ಕಡೆ ಸಿಕ್ಕರೆ ಅದರ ತೂಕ ಜಾಸ್ತಿ. ಕೈವಾರದಂಥ ದೊಡ್ಡ ಊರಿಗಿಂತ ಮೂವತ್ತು ಮನೆಯ ಹಳ್ಳಿಯ ಹೆಸರು ಹೊಂದಿದರೆ ತೂಕ ಇನ್ನೂ ಜಾಸ್ತಿ. ಎಲ್ಲ ತೂಕ ಕೂಡಿಸಿ ಒಂದು ಗೆರೆ ದಾಟಿದರೆ ಒಬ್ಬರೇ ಎಂದು ಒಪ್ಪುವುದು. ದಕ್ಷಿಣ ಆಫ್ರಿಕದವರು ಹೀಗೆಯೇ ಸರ್ಕಾರಿ ಲ್ಯಾಬುಗಳ ಎಚ್‌ಐವಿ ದಾಖಲೆಗಳನ್ನು ಕ್ಯಾನ್ಸರ್ ನೋಂದಣಿಯ ಜೊತೆ ಹೊಂದಿಸಿ ಐವತ್ತು ಲಕ್ಷಕ್ಕೂ ಹೆಚ್ಚು ಜನರ ಅಧ್ಯಯನ ಕಟ್ಟಿದರು.

ಆಧಾರ್ ಇದೆಯಲ್ಲ, ಇಷ್ಟೆಲ್ಲ ಯಾಕೆ ಎನ್ನಬೇಡಿ. ಗುರುತಿನವರು ಎದುರಾಗದಿರಲಿ ಎಂದು ತಮ್ಮ ಊರಿನ ಕೇಂದ್ರ ಬಿಟ್ಟು ಪಕ್ಕದ ಜಿಲ್ಲೆಗೆ ಹೋಗಿ ಮಾತ್ರೆ ತರುವವರುಂಟು. ಅವರಿಗೆ ಒಂದು ನಂಬರಿನ ಭಯ ಹುಟ್ಟಿಸಿದರೆ ಮಾತ್ರೆಯೇ ನಿಂತೀತು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ವ್ಯಕ್ತಿಯ ಒಪ್ಪಿಗೆಯಿಲ್ಲದೆ ಅವರ ಎಚ್‌ಐವಿ ಸ್ಥಿತಿಯನ್ನು ಬಯಲು ಮಾಡುವಂತಿಲ್ಲ, ದಾಖಲೆಗಳನ್ನು ಕಾಪಾಡುವ ಹೊಣೆ ಇಟ್ಟುಕೊಂಡವರದ್ದು. ಹಾಗಾದರೆ ಹೆಸರು ತೋರಿಸದೆ ಹೆಸರು ಹೊಂದಿಸುವುದೆಂತು? ಎರಡು ಮನೆಯವರು ತಂತಮ್ಮ ರಾಗಿಯನ್ನು ಒಂದೇ ಬೀಸುಕಲ್ಲಿನಲ್ಲಿ ಬೀಸಿ ಹಿಟ್ಟನ್ನಷ್ಟೇ ಹೊರಗೆ ಕಳಿಸಿದಂತೆ. ಹಿಟ್ಟು ಹಿಟ್ಟಿಗೆ ಹೊಂದಿತೇ ಎಂದು ಮೂರನೆಯವರು ನೋಡಬಹುದು, ಹಿಟ್ಟಿನಿಂದ ಕಾಳನ್ನು ಮರಳಿ ಪಡೆಯಲಾಗದು. ಬೀಸುಕಲ್ಲು ಎಂದರೆ ಇಬ್ಬರೂ ಬಳಸುವ ಗುಪ್ತ ಸೂತ್ರ. ಒಂದು ಅಕ್ಷರ ತಪ್ಪಿದರೂ ಹಿಟ್ಟು ಪೂರ್ತಿ ಬೇರೆಯಾಗಿಬಿಡುತ್ತದೆ ಎಂಬ ತೊಡಕಿತ್ತು. ಜರ್ಮನಿಯ ಸಂಶೋಧಕರು 2009ರಲ್ಲಿ ಹೆಸರನ್ನು ಎರಡೆರಡು ಅಕ್ಷರದ ತುಣುಕು ಮಾಡಿ ಬೀಸುವ ಉಪಾಯ ಹೇಳಿದ ಮೇಲೆ ಅದೂ ಬಹುಮಟ್ಟಿಗೆ ನೀಗಿತು.

*

ಪುಸ್ತಕ ಹೊಂದಿದರೂ ಅದರಲ್ಲಿ ಬರೆದದ್ದು ನಿಜವಾಗಿರಬೇಕಲ್ಲ. ಎಚ್‌ಐವಿ ಇರುವವರ ಕುತ್ತಿಗೆಯಲ್ಲಿ ಗಂಟು ಕಂಡರೆ ನಮ್ಮಲ್ಲಿ ಮೊದಲ ಊಹೆ ಕ್ಷಯ. ಬಹಳ ಸಲ ಅದು ಸರಿ. ಕೆಲವು ಸಲ ಅದು ಲಿಂಫೋಮಾ ಎಂಬ ಕ್ಯಾನ್ಸರ್. ಸೂಜಿ ಚುಚ್ಚಿ ತೆಗೆದ ನಾಲ್ಕು ಕೋಶಗಳಿಂದ ಅದರ ಜಾತಿ ತಿಳಿಯುವುದು ಕಷ್ಟ, ಗಂಟನ್ನೇ ತೆಗೆದು ನೋಡಬೇಕು. ತೆಗೆದದ್ದನ್ನು ಅದರ ಹತ್ತು ಪಟ್ಟು ಫಾರ್ಮಲಿನ್ ದ್ರಾವಣದಲ್ಲಿ, ತಡಮಾಡದೆ ಮುಳುಗಿಸಬೇಕು. ಸಲೈನಿನಲ್ಲಿ ಹಾಕಿ ಬಸ್ಸಿನಲ್ಲಿ ಕಳಿಸಿದರೆ ಬೆಂಗಳೂರು ಮುಟ್ಟುವಾಗ ಅಂಗಾಂಶ ಕೊಳೆತು ಯಾವ ಪರೀಕ್ಷೆಗೂ ಬಾರದು. ಸರಿಯಾಗಿ ಹಾಕಿ ಮೇಣದ ಇಟ್ಟಿಗೆಯಲ್ಲಿ ಹುದುಗಿಸಿದರೆ ಮೂವತ್ತು ವರ್ಷದ ಮೇಲೂ ಅದರಿಂದ ವೈರಸ್ಸಿನ ಜೀನನ್ನು ಓದಬಹುದು. ಕೋಟಿ ಬೆಲೆಯ ಯಂತ್ರಗಳ ಉದ್ಘಾಟನೆಯ ಫೋಟೊ ಪೇಪರಿನಲ್ಲಿ ಬರುತ್ತದೆ. ಒಂದು ತಾಲ್ಲೂಕು ಆಸ್ಪತ್ರೆಗೆ ನಾನು ಮೊದಲು ಕೊಡಿಸುವುದಾದರೆ ಅಗಲ ಬಾಯಿಯ ಬಾಟ್ಲಿ, ಫಾರ್ಮಲಿನ್, ಅಳಿಸಿಹೋಗದ ಇಂಕಿನ ಲೇಬಲ್ಲು ಮತ್ತು ಅದನ್ನು ಬಳಸಲು ಬಲ್ಲ ಒಬ್ಬ ಟೆಕ್ನಿಷಿಯನ್.

ಎಲ್ಲವೂ ಕೊನೆಗೆ ಜನರಿಗೇ ಬಂದು ನಿಲ್ಲುತ್ತದೆ. ಉಗಾಂಡದ ಕಂಪಾಲದಲ್ಲಿ 1967ರಲ್ಲೇ ಕ್ಯಾನ್ಸರ್ ಸಂಸ್ಥೆ ಹುಟ್ಟಿತು, ಮಕ್ಕಳ ಬರ್ಕಿಟ್ ಲಿಂಫೋಮಾಕ್ಕೆ ಕಿಮೊಥೆರಪಿ ರೂಪಿಸಿ ಹೆಸರಾಯಿತು. ಇದಿ ಅಮೀನನ ಕಾಲದಲ್ಲಿ ಪರದೇಶದ ಸಂಶೋಧಕರು ಹೊರಟುಹೋದರು. 2004ರಲ್ಲಿ ಜಾಕ್ಸನ್ ಓರೆಮ್ ಎಂಬ ವೈದ್ಯರು ಆ ಇಡೀ ದೇಶಕ್ಕೆ ಒಬ್ಬರೇ ಕ್ಯಾನ್ಸರ್ ತಜ್ಞರಾಗಿದ್ದರು. ಅಮೆರಿಕದ ಫ್ರೆಡ್ ಹಚ್ ಕ್ಯಾನ್ಸರ್ ಕೇಂದ್ರ ಜೊತೆಗೂಡಿ ಉಗಾಂಡದ ವೈದ್ಯರಿಗೇ ತರಬೇತಿ ಕೊಡತೊಡಗಿತು. ಹೊಸ ಕಟ್ಟಡ ತೆರೆದದ್ದು 2015ರಲ್ಲಿ, ಆ ವೇಳೆಗೆ ಒಳಗೆ ಕೆಲಸ ಮಾಡಬಲ್ಲವರು ತಯಾರಾಗಿದ್ದರು. ನಾವು ಹೆಚ್ಚಾಗಿ ಇದರ ತಿರುವುಮುರುವು ಮಾಡುತ್ತೇವೆ.

ಚಿಂತಾಮಣಿಗೆ ಬೇಕಾದ ಜನರೆಂದರೆ ವೆಂಕಟಮ್ಮನ ಪಕ್ಕ ಕೂತು ತೆಲುಗಿನಲ್ಲಿ ಮಾತಾಡಿ ಕನ್ನಡದಲ್ಲಿ ಬರೆಯಬಲ್ಲ ಹೆಂಗಸರು. ಒಪ್ಪಿಗೆ ಪತ್ರವನ್ನು ಓದಿ ಹೇಳುವಾಗ, ಸಂಶೋಧನೆಗೆ ಒಪ್ಪದಿದ್ದರೂ ಮಾತ್ರೆ ನಿಲ್ಲುವುದಿಲ್ಲ ಎಂಬ ಒಂದು ವಾಕ್ಯ ನಂಬುವಂತೆ ಹೇಳಬಲ್ಲವರು. ಎಚ್‌ಐವಿಯೊಂದಿಗೆ ಬದುಕುತ್ತಿರುವವರ ಸಂಘಗಳಲ್ಲಿ ಅಂಥವರಿದ್ದಾರೆ. ಅವರಿಗೆ ಸಂಬಳ ಕೊಟ್ಟು, ಪ್ರಬಂಧದಲ್ಲಿ ಹೆಸರೂ ಕೊಡಬೇಕು.

ಅಷ್ಟರೊಳಗೆ ಓದುಗರು ಮಾಡಬಹುದಾದ ಕೆಲಸ ಒಂದಿದೆ. ದೊಡ್ಡಾಸ್ಪತ್ರೆಯಲ್ಲಿ ಚೀಟಿ ಮಾಡಿಸುವಾಗ ವಿಳಾಸ ಕೇಳಿದರೆ ಬೆಂಗಳೂರಿನ ನೆಂಟರ ಮನೆ ಹೇಳುವುದು ನಮ್ಮವರ ರೂಢಿ. ಕಾಗದ ಪತ್ರ ಸರಿಯಾಗಿ ತಲುಪಲಿ ಎಂಬ ಆಸೆ ಅದು. ನೆಂಟರ ಮನೆಯ ನಂಬರನ್ನು ಫೋನಿನ ಕಾಲಂನಲ್ಲಿ ಬರೆಸಿ. ಊರು ಎಂಬ ಕಾಲಂನಲ್ಲಿ ನಿಮ್ಮ ಹಳ್ಳಿ, ಹೋಬಳಿ, ತಾಲ್ಲೂಕನ್ನೇ ಬರೆಸಿ.